ಟೋಕನ್ ಕಡಿಮೆ ಮಾಡಿದ ಇನ್‌ಚಾರ್ಜ್ ಮೇಡಂ

ಅರವತ್ತು ಹೆಂಗಸರು... ಅವರಿಗೆಲ್ಲ ಸೇರಿ ಒಂದೇ ಒಂದು ಟೋಕನ್.

ಮಂಡ್ಯ ಕಡೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೊಲಿಗೆ ಲೈನ್. ಅಲ್ಲಿ ಟಾಯ್ಲೆಟ್‌ಗೆ ಹೋಗಬೇಕೆಂದರೂ ಇನ್‌ಚಾರ್ಜ್ ಹತ್ತಿರ ಟೋಕನ್ ಕೇಳಿ ತಗೊಂಡೇ ಹೋಗಬೇಕು. ಒಬ್ಬಳು ವಾಪಸ್ ಬಂದು ಟೋಕನ್ ಇಟ್ಟ ಮೇಲೆ ಇನ್ನೊಬ್ಬಳು.

ಮೊದಲು ಮೂರು ಟೋಕನ್ ಇದ್ದವು. ಒಂದಕ್ಕೆ ಇಳಿಸಿದ್ದು ಯಾರು ಗೊತ್ತಾ? ಯಾವ ಗಂಡಸೂ ಅಲ್ಲ ಸ್ವಾಮಿ... ಇಂದ್ರಾಣಿ ಮೇಡಂ.

ಇಂದ್ರಾಣಿ ಅಲ್ಲಿಗೆ ದಾರ ಕತ್ತರಿಸುವ ಹೆಲ್ಪರ್ ಆಗಿ ಸೇರಿದವಳು. ಹದಿನಾಲ್ಕು ವರ್ಷ ಮೈಮುರಿದು ದುಡಿದು ಇನ್‌ಚಾರ್ಜ್ ಆದ ಮೊದಲ ಹೆಂಗಸು.

ಮ್ಯಾನೇಜರ್ ಮೊದಲ ದಿನವೇ ಖಡಕ್ಕಾಗಿ ಹೇಳಿಬಿಟ್ಟಿದ್ದರು. ಹೆಂಗಸರಿಗೆ ಈ ಕುರ್ಚಿ ಕೊಟ್ಟರೆ ಅಯ್ಯೋ ಪಾಪ ಅಂದುಕೊಂಡೇ ಟಾರ್ಗೆಟ್ ಮುಳುಗಿಸುತ್ತಾರೆ, ಮೂರು ತಿಂಗಳು ನೋಡುತ್ತೇನೆ, ಆಗದಿದ್ದರೆ ವಾಪಸ್ ಮಿಷನ್‌ಗೆ ಅಂತ.

ಆ ಮಾತು ಅವಳಿಗೆ ನಾಟಿತು. ಅವತ್ತಿನಿಂದ ಕಲ್ಲಾದಳು... ಮೊದಲಿದ್ದ ಇನ್‌ಚಾರ್ಜ್, ಆ ಹಳೇ ಸಾರೇ ವಾಸಿ ಅಂತ ಹೆಂಗಸರು ಮಾತಾಡಿಕೊಳ್ಳುವಷ್ಟು.

ಮೂರು ತಿಂಗಳು ಮುಗಿಯಲು ನಾಲ್ಕೇ ದಿನ ಬಾಕಿ. ಅವತ್ತು ಶಿಪ್‌ಮೆಂಟ್, ಸಂಜೆಯೊಳಗೆ ಮಾಲು ಹೊರಡಲೇಬೇಕು.

ಕಾಲರ್ ಹೊಲಿಯುವ ಮಾದೇವಿ ಟೇಬಲ್ ಹತ್ತಿರ ಬಂದಳು. ನಾಲ್ಕು ತಿಂಗಳ ಬಸುರಿ. ಹೊಟ್ಟೆ ಹಿಂಡ್ತಾ ಇದೆ, ಆಸ್ಪತ್ರೆಗೆ ಹೋಗಿಬರ್ತೀನಿ ಅಂದಳು.

ಇಂದ್ರಾಣಿ ತಲೆ ಕೂಡ ಎತ್ತಲಿಲ್ಲ.

"ನಾನೂ ಎರಡು ಹೆತ್ತಿವ್ನಿ ಕಣಮ್ಮ. ಈ ನೋವೆಲ್ಲ ಇದ್ದದ್ದೇ, ಏನೂ ಆಗಲ್ಲ. ಸಂಜೆ ಗಂಟ ಕೂತ್ಕೊ."

ಮಾದೇವಿ ಹೋಗಿ ಕೂತಳು.

ಸಂಜೆ ಏಳಲು ಹೋದಾಗ ಬಟ್ಟೆಯೆಲ್ಲ ರಕ್ತ...

ಟಾರ್ಗೆಟ್ ಮುಟ್ಟಿತ್ತು. ಮಗು ಉಳಿಯಲಿಲ್ಲ.

ಮರುದಿನ ಮ್ಯಾನೇಜರ್ ಎಲ್ಲರೆದುರು ಇಂದ್ರಾಣಿಯನ್ನು ಹೊಗಳಿ, ಕುರ್ಚಿ ಇನ್ನು ನಿನ್ನದೇ ಅಂದರು. ಅವಳ ಕಿವಿಗೆ ಒಂದೂ ಬೀಳಲಿಲ್ಲ. ಸೀದಾ ಆಸ್ಪತ್ರೆಗೆ ಹೋದಳು. ಮಾದೇವಿ ಬೈಯಲಿ, ಶಾಪ ಹಾಕಲಿ, ತಲೆತಗ್ಗಿಸಿ ಕೇಳೋಣ ಅಂದುಕೊಂಡೇ ಹೋದಳು.

ಮಾದೇವಿ ಬೈಯಲಿಲ್ಲ. ಗೋಡೆ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದಳು...

"ಹಳೇ ಸಾರ್ ಆಗಿದ್ರೆ ಬೈಸ್ಕೊಂಡಾದ್ರೂ ಎದ್ದೋಗ್ಬುಡ್ತಿದ್ದೆ ಮೇಡಂ. ಅವ್ರಿಗೇನ್ ಗೊತ್ತು ನಮ್ ನೋವು ಅಂತ. ಆದ್ರೆ ನೀವು ಎರಡು ಹೆತ್ತೋರು... ಏನೂ ಆಗಲ್ಲ ಅಂದ್ರಲ್ಲ. ಅದ್ಕೇ ನಂಬ್ಕೊಂಡು ಕೂತೆ."

ಇಂದ್ರಾಣಿ ಮಂಚದ ಪಕ್ಕದಲ್ಲೇ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ಅತ್ತರೆ ಬರುವುದೇನು, ಹೇಳಿ?

ಈಗ ಆ ಲೈನಿನಲ್ಲಿ ಟೋಕನ್ನೇ ಇಲ್ಲ. ನೋವು ಅಂದವರನ್ನು ಇಂದ್ರಾಣಿಯೇ ಆಟೋ ಹತ್ತಿಸುತ್ತಾಳೆ. ಮ್ಯಾನೇಜರ್ ದಿನಾ ಬೈಯುತ್ತಾರೆ... ಕುರ್ಚಿ ಎಷ್ಟು ದಿನವೋ ಅವಳಿಗೇ ಗೊತ್ತಿಲ್ಲ.

ಮಾದೇವಿ ಮತ್ತೆ ಕೆಲಸಕ್ಕೆ ಬರಲಿಲ್ಲ. ಇಂದ್ರಾಣಿ ಎರಡು ಸಲ ಅವಳ ಮನೆಗೆ ಹೋದಳು.

ಎರಡು ಸಲವೂ ಮಾದೇವಿ ಬಾಗಿಲಿಗೆ ಬರಲಿಲ್ಲ.

*

ಹೆಣ್ಣಿಗೆ ಕುರ್ಚಿ ಕೊಟ್ಟರೆ ಸಾಲದು... ಆ ಕುರ್ಚಿಯಲ್ಲಿ ಅವಳು ಹೆಣ್ಣಾಗಿಯೇ ಕೂರಲು ಬಿಡಬೇಕು.

ನಿಮ್ಮ ಆಫೀಸಿನಲ್ಲಿ ಮೇಲೆ ಬಂದ ಹೆಣ್ಣುಮಗಳಿಗೆ ನೀವು ಇಟ್ಟಿರುವ ಪರೀಕ್ಷೆ ಯಾವುದು... ಅದಕ್ಕೆ ಬೆಲೆ ತೆರುತ್ತಿರುವವರು ಯಾರು?