ಬಿಸಿ ಉಪ್ಪಿನ ಗಂಟು

ನೂಲುಹುಳುವನ್ನು ಮಹಾರುದ್ರಪ್ಪನ ಮಣಿಕಟ್ಟಿನ ರಕ್ತನಾಳಕ್ಕೆ ಬಿಟ್ಟು ನರ್ಸ್ ಚಹಾ ಕುಡಿಯಲು ಹೋದಳು. ಮುಂದಿನದು ಮನೆಯವರ ಕೆಲಸ. ಹುಳು ಶಾಖ ಇದ್ದ ಕಡೆಗೆ ಹೋಗಿ, ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ತಿಂದು, ಅಲ್ಲೇ ಕರಗುತ್ತದೆ. ಒಂದು ಜೀವಕ್ಕೆ ಒಂದೇ ಹುಳು. ಎರಡನೆಯದನ್ನು ರಕ್ತ ಒಪ್ಪುವುದಿಲ್ಲ.

ಹೆಂಡತಿ ನೀಲವ್ವ ಬಿಸಿ ಉಪ್ಪಿನ ಗಂಟನ್ನು ಅವನ ಬಲಗಾಲಿಗೆ ಒತ್ತಿ ಹಿಡಿದಿದ್ದಳು. ನೇಯಲು ಮಗ್ಗದ ಕುಣಿಗೆ ಇಳಿದರೆ ಸಾಕು, ಆ ಕಾಲಿನ ನೋವು ಅವನನ್ನು ಅಳಿಸಿಬಿಡುತ್ತಿತ್ತು. ಮಂಚದ ಪಕ್ಕದ ಪರದೆಯ ಮೇಲೆ ಬಿಳಿ ಎಳೆಯಂತೆ ಕಾಣುತ್ತಿದ್ದ ಹುಳು ಹೊಟ್ಟೆ ದಾಟಿ, ಸೊಂಟದ ಕವಲಿನಲ್ಲಿ ತುಸು ತಡೆದು, ಬಲಕ್ಕೆ ಹೊರಳಿತು.

"ಬಂತ್ರೀ! ನಮ್ ಕಡೇನ ಬಂತು!" ಎಂದು ನೀಲವ್ವ ಕೂಗಿದಳು.

ಡಾಕ್ಟರು ಬಂದು ಅಭ್ಯಾಸದಂತೆ ಎರಡೂ ಪಾದ ಮುಟ್ಟಿದರು. ತಣ್ಣಗಿದ್ದ ಎಡಪಾದದ ಮೇಲೆ ಅವರ ಕೈ ನಿಂತಿತು. "ಇದು ನೋಯಂಗಿಲ್ಲೇನು?"

"ಮೊದಲ ಅದೂ ಭಾಳ ನೋಯ್ತಿತ್ತ್ರಿ. ಹ್ವಾದ ವಾರ ತಾನ ನಿಂತತ್ರಿ. ಆರಾಮಾತಂತ ಹೋಳಿಗಿ ಮಾಡಿದ್ವಿ," ಎಂದಳು ನೀಲವ್ವ.

ಡಾಕ್ಟರು ಆ ಪಾದವನ್ನು ಬಲವಾಗಿ ಚಿವುಟಿದರು. ಮಹಾರುದ್ರಪ್ಪ ನಗುತ್ತ ಪರದೆಯನ್ನೇ ನೋಡುತ್ತಿದ್ದ.

"ರಕ್ತ ಪೂರಾ ನಿಂತ್ರ ಕಾಲು ನೋಯಂಗಿಲ್ಲವ್ವಾ," ಎಂದರು ಡಾಕ್ಟರು.

ನೀಲವ್ವ ಗಂಟನ್ನು ಕಿತ್ತು ಎಡಗಾಲಿಗೆ ಒತ್ತಿದಳು. ಪರದೆಯಲ್ಲಿ ಹುಳು ಆಗಲೇ ಬಲಮಂಡಿಯ ಹತ್ತಿರ ಊಟಕ್ಕೆ ಕೂತಿತ್ತು.