ಇನ್ನೂ ತಯಾರಾಗಿಲ್ಲ

ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದ ಮೇನುಕಾ ತಲೆಯೆತ್ತಲಿಲ್ಲ. ಎದುರಿಗೆ ಕುಳಿತ ಬಿಂಸಾ ಮಾತ್ರ ಕುದಿಯುತ್ತಿದ್ದಳು.

"ಕಳ್ಳ ಕಣೇ ಅವನು. ಅರ್ಯಾಲ್ ಸರ್ ಅಂತೆ, ಸರ್. ಈ ಸಲದ ಪ್ರಬಂಧ ನಾನು ಬರೆದೇ ಇಲ್ಲ. ನಾನು ಕೆಲಸ ಮಾಡೋ ವೃದ್ಧಾಶ್ರಮದಲ್ಲಿ ಮಾರ್ಗರೆಟ್ ಅಂತ ಅಜ್ಜಿ ಇದಾಳೆ, ಈ ದೇಶದೋಳೇ, ಜನ್ಮವಿಡೀ ಇಂಗ್ಲಿಷ್ ಪಾಠ ಹೇಳಿದೋಳು. ಅವಳು ಹೇಳಿದ್ದನ್ನ ಹಾಗೇ ಬರ್ಕೊಂಡು ಹೋಗಿ ಕೊಟ್ಟೆ. ಅದಕ್ಕೂ 'ವ್ಯಾಕರಣ ಸಾಲದು, ಇನ್ನೂ ತಯಾರಾಗಿಲ್ಲ' ಅಂದ."

"ಅಜ್ಜಿಗೆ ಹೇಳಿದ್ಯಾ?"

"ಹೇಳ್ದೆ. ಹಾಗಾದ್ರೆ ನಾನೂ ಬಂದು ಸೇರ್ಕೋತೀನಿ, ನನಗೂ ವೀಸಾ ಬೇಕೇನೋ ಕೇಳು ಅಂದ್ಲು."

ಮೇನುಕಾಳಿಗೆ ನಗು ಬಂತು. ನಕ್ಕಾಗ ಗಂಟಲು ಒಣಗಿರುವುದು ಗೊತ್ತಾಯಿತು. ಅವತ್ತು ತೀಜ್. ಮದುವೆಯಾದ ಹೆಂಗಸರು ಗಂಡನ ಆಯುಸ್ಸಿಗಾಗಿ ನೀರನ್ನೂ ಮುಟ್ಟದ ದಿನ.

ರಾಕ್‌ಡೇಲ್ ಸ್ಟೇಷನ್ನಿನ ಎದುರು, ಮೊಮೊ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅರ್ಯಾಲ್ ಸರ್ ನಡೆಸುತ್ತಿದ್ದ ಇಂಗ್ಲಿಷ್ ಕಾಲೇಜು. ಒಳಗೆ ಹೋದವರು ಅಲ್ಲಿಂದ ಬೇಗ ಹೊರಬೀಳುತ್ತಿರಲಿಲ್ಲ. ಒಂದು ಕೋರ್ಸು ಮುಗಿಯುವಷ್ಟರಲ್ಲಿ ಇನ್ನೊಂದು ಬೇಕಾಗುತ್ತಿತ್ತು. ಅವನೂ ಇವರಂತೆ ನೇಪಾಳದವನೇ. ಮನೆಮಾತಿನಲ್ಲೇ ಹೆದರಿಸುತ್ತಿದ್ದ. "ಅವಸರ ಮಾಡಿ ಪರೀಕ್ಷೆಗೆ ಕೂತು ಬಿದ್ದರೆ ಆ ಕಲೆ ಹೋಗಲ್ಲ ತಂಗಿ."

"ಸರ್ ಹೇಳೋದ್ರಲ್ಲಿ ನಿಜಾನೂ ಇರಬಹುದು," ಅಂದಳು ಮೇನುಕಾ. "ನಾನು ಅಸಲಿ ಪರೀಕ್ಷೆಗೆ ಎರಡು ಸಲ ಕೂತೆ. ಎರಡು ಸಲವೂ ಬಿದ್ದೆ."

"ಅದೇ ನನಗೆ ಅರ್ಥ ಆಗಲ್ಲ. ಡಾಕ್ಟರ ಹತ್ರ ನನ್ನ ಪರವಾಗಿ ಪಟಪಟ ಅಂತ ಮಾತಾಡೋಳು ನೀನು. ಮನೆ ಮಾಲೀಕನ ಬಾಯಿ ಮುಚ್ಚಿಸಿದೋಳೂ ನೀನೇ."

"ಪರೀಕ್ಷೆ ಅಂದ್ರೆ ಕೈ ಓಡಲ್ಲ."

ಅರ್ಜಿ ಮೇನುಕಾಳ ಹೆಸರಿನಲ್ಲಿತ್ತು. ಇಂಗ್ಲಿಷಿನಲ್ಲಿ ಅವಳಿಗೆ ಅಂಕ ಬಂದರೆ ಅವಳಿಗೂ ಗಂಡ ತಿಲಕ್‌ಗೂ ಈ ದೇಶದಲ್ಲಿ ಕಾಯಂ ವಾಸ. ಬಾರದಿದ್ದರೆ ಒಂದಲ್ಲ ಒಂದು ದಿನ ಇಬ್ಬರೂ ಗಂಟುಮೂಟೆ ಕಟ್ಟಬೇಕು.

ಬಾಗಿಲ ಮೇಲೆ ಮೆಲ್ಲಗೆ ಬೆರಳು ಬಡಿದು ತಿಲಕ್ ಒಳಗೆ ಬಂದ. ಅವಳ ಕೈಯಲ್ಲಿದ್ದ ತನ್ನ ಅಂಗಿ ನೋಡಿ ಮುಜುಗರಪಟ್ಟ.

"ನೀವ್ಯಾಕೆ ಮಾಡ್ತೀರಾ? ನಾನೇ ಮಾಡ್ಕೋತಿದ್ದೆ."

"ಕೇಳಿಸ್ಕೊಳ್ಳೇ," ಅಂದಳು ಬಿಂಸಾ, "ಹೆಂಡತಿಗೆ ನೀವು ಅಂತಾರೆ. ನಮ್ಮನೇಲೂ ಇದೆ ಒಂದು ಪ್ರಾಣಿ. ಅದರ ಬಾಯಲ್ಲಿ 'ಏಯ್' ಅನ್ನೋದೇ ನನ್ನ ಹೆಸರು. ಭಾವ, ಇವಳು ಬೆಳಗಿನಿಂದ ನಿಮ್ಮ ಹೆಸರಲ್ಲಿ ಉಪವಾಸ ಇದಾಳೆ, ಗೊತ್ತಾ?"

ತಿಲಕ್‌ನ ಮುಖದ ನಗು ಅರ್ಧಕ್ಕೇ ನಿಂತಿತು. "ಹೌದಾ?"

"ಅವಳ ಮಾತು ಕೇಳ್ಬೇಡಿ. ಹೊಟ್ಟೆ ಸರಿಯಿಲ್ಲ, ಅಷ್ಟೆ."

ಬಿಂಸಾ ಅಜ್ಜಿಯ ಪ್ರಬಂಧದ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದಳು. ಈ ಸಲ ಯಾರೂ ನಗಲಿಲ್ಲ. ತಿಲಕ್ ಹಗಲು ಕಟ್ಟಡದ ಕೆಲಸ ಮಾಡಿ, ಸಂಜೆ ಕಾವಲು ಕೆಲಸ ಮಾಡಿ ಆ ಕಾಲೇಜಿಗೆ ದುಡ್ಡು ಸುರಿದಿದ್ದ. ಫೋನು ತೆಗೆದು ಏನೋ ಒತ್ತಿದ.

"ಮುಂದಿನ ಶನಿವಾರ ಪರೀಕ್ಷೆ. ಬುಕ್ ಆಯ್ತು. ಇನ್ನು ಅವನ ಮೆಟ್ಟಿಲು ಹತ್ತಬೇಡಿ."

"ಇಷ್ಟು ಬೇಗನಾ? ಇನ್ನೊಂದು ಕೋರ್ಸು ಮುಗಿಸಿ ಕೂತಿದ್ರೆ..."

"ಇಷ್ಟೆಲ್ಲ ಕೇಳಿದ ಮೇಲೂ ಅವನ ಪರವೇ ಮಾತಾಡ್ತೀರಲ್ಲ?"

"ಇವಳಿಗೆ ಕ್ಲಾಸಿನ ಚಟ ಹತ್ತಿದೆ ಭಾವ," ಎನ್ನುತ್ತ ಬಿಂಸಾ ಎದ್ದಳು. "ಆಮೇಲೆ ತೀಜ್ ಕುಣಿತಕ್ಕೆ ಹಾಲ್‌ಗೆ ಬಾರೇ. ಹೊಟ್ಟೆ ಸರಿಯಿಲ್ಲದೋರೂ ಕುಣಿಬಹುದು."

ಅವಳು ಹೋದ ಮೇಲೆ ತಿಲಕ್ ದಿನದಂತೆ ಬಾಲ್ಕನಿಗೆ ಹೋಗಿ ಊರಿಗೆ ಫೋನು ಹಚ್ಚಿದ. ಮೇನುಕಾ ಇಸ್ತ್ರಿಪೆಟ್ಟಿಗೆ ಆರಿಸಿ ಅಂಗಿಯನ್ನು ಮಡಚದೆ ಹಿಡಿದು ನಿಂತಳು. ಅವನು ಒಳಗೆ ಬಂದು ಫೋನು ಚಾಚಿದ.

"ಗೋಮಾ. ನಿಮ್ಮ ಹತ್ರ ಮಾತಾಡಬೇಕಂತೆ."

ಪರದೆಯ ಮೇಲೆ ನೇಪಾಳದ ಬುಟ್ವಲ್‌ನ ಮನೆಯಂಗಳ. ಕೆಂಪು ಸೀರೆ ಉಟ್ಟ ಹೆಂಗಸು. ಅವಳ ತುಟಿಯೂ ಒಣಗಿತ್ತು.

"ದೀದಿ, ಪರೀಕ್ಷೆ ದಿನ ಗೊತ್ತಾಯ್ತಂತೆ. ಶಿವನ ಗುಡೀಲಿ ನಿಮ್ಮ ಹೆಸರಲ್ಲೂ ಒಂದು ದೀಪ ಹಚ್ಚಿ ಬಂದೆ."

ಹುಡುಗಿಯೊಬ್ಬಳು ಅವಳ ಭುಜದ ಮೇಲಿಂದ ಮುಖ ತೂರಿಸಿದಳು. "ಆಂಟಿ, ನೀವು ಪಾಸಾದ್ರೆ ಅಪ್ಪ ನಮ್ಮನ್ನ ಅಲ್ಲಿಗೆ ಕರ್ಕೋತಾರಂತೆ. ಈ ಸಲ ಪಾಸಾಗ್ತೀರಾ?"

"ಏ, ಸುಮ್ನಿರು. ದೀದಿ, ಬೇಜಾರು ಮಾಡ್ಕೋಬೇಡಿ. ಹುಟ್ಟಿದಾಗಿಂದ ಅಪ್ಪನ್ನ ಫೋನಲ್ಲೇ ನೋಡಿರೋದು ಅದು." ಗೋಮಾಳ ದನಿಯಲ್ಲಿ ಕಹಿ ಇರಲಿಲ್ಲ. "ನನ್ನ ಗಂಡನನ್ನ ಕಾಗದದ ಮೇಲೆ ನಿಮಗೆ ಬಿಟ್ಟುಕೊಟ್ಟು ಇಷ್ಟು ವರ್ಷ ಕಳೆದಿದೀನಿ. ಇನ್ನು ಸ್ವಲ್ಪ ದಿನ ತಾನೆ? ಆಮೇಲೆ ನಿಮಗೂ ಬಿಡುಗಡೆ."

"ಹೌದು," ಅಂದಳು ಮೇನುಕಾ. "ಸ್ವಲ್ಪ ದಿನ."

ತಿಲಕ್ ಫೋನು ಇಸಿದುಕೊಂಡು ಮತ್ತೆ ಬಾಲ್ಕನಿಗೆ ಹೋದ. ಗಾಜಿನ ಆಚೆ ಅವನು ಮಗಳ ಯಾವುದೋ ಮಾತಿಗೆ ನಗುತ್ತಿದ್ದ. ಅಷ್ಟು ಬಿಚ್ಚಿ ನಗುವುದನ್ನು ಅವಳು ಈ ಮನೆಯೊಳಗೆ ಒಮ್ಮೆಯೂ ಕಂಡಿರಲಿಲ್ಲ.

ಎರಡು ಸಲವೂ ಗೊತ್ತಿದ್ದೂ ಬೇಕೆಂದೇ ಖಾಲಿ ಬಿಟ್ಟು ಬಂದಿದ್ದ ಉತ್ತರಗಳನ್ನು ಈ ಸಲ ಬರೆದುಬಿಡುವುದೆಂದು ಮೇನುಕಾ ಅಲ್ಲೇ ನಿಂತು ತೀರ್ಮಾನಿಸಿದಳು.