ಪಟ್ಟಿಯಲ್ಲಿ ನಾಲ್ಕು ಹೆಸರು

ಪ್ರಶ್ನೆ ಕಳಿಸಿ ಇಪ್ಪತ್ತು ನಿಮಿಷವಾಗಿತ್ತು. ಸಾರಥಿ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ದ್ರಾಕ್ಷಾಯಣಿ ಪರದೆಯಿಂದ ಕಣ್ಣು ಕೀಳಲಿಲ್ಲ. ದಾಂಡೇಲಿಯ ಆ ಪುಟ್ಟ ಕಚೇರಿಯಲ್ಲಿದ್ದವರು ನಾಲ್ಕೇ ಜನ: ಯೋಜನೆಯ ಮುಖ್ಯಸ್ಥೆಯಾದ ಅವಳು, ನರ್ಸ್ ಜ್ಯೋತಿ, ಜೀಪು ಓಡಿಸುವ ಈರೇಶ, ದಾಖಲೆ ತುಂಬುವ ಈಶಪ್ಪ. ಖರ್ಚು ತಗ್ಗಿಸಲು ಇವರಲ್ಲಿ ಒಬ್ಬರನ್ನು ಕೆಲಸದಿಂದ ತೆಗೆಯಬೇಕು, ಸಂಜೆ ಐದರೊಳಗೆ ಹೆಸರು ಕಳಿಸಬೇಕು. ಯಾರೆಂದು ಸಾರಥಿಯನ್ನೇ ಕೇಳಿ ಎಂದು ಪುಣೆಯ ಸಂಸ್ಥೆ ಬರೆದಿತ್ತು.

ಸಾರಥಿ ಮನುಷ್ಯನಲ್ಲ, ಸಂಸ್ಥೆ ಕೊಟ್ಟ ಕೃತಕ ಬುದ್ಧಿಮತ್ತೆ. ಮಂಗನ ಕಾಯಿಲೆ ತರುವ ಉಣ್ಣೆ ಕಚ್ಚದಂತೆ ಹಚ್ಚಿಕೊಳ್ಳುವ ಮುಲಾಮೊಂದರ ಪ್ರಯೋಗ ಅಲ್ಲಿ ನಡೆದಿತ್ತು. ಕಾಡಿಗೆ ಹೋಗುವ ನಾನೂರು ಜನರ ರಕ್ತ ತೆಗೆಯಬೇಕು, ಪೆಟ್ಟಿಗೆಯ ಮಂಜುಗಡ್ಡೆ ಕರಗುವ ಮೊದಲು ದಾಂಡೇಲಿ ಮುಟ್ಟಿಸಬೇಕು. ಯಾವ ದಿನ ಯಾವ ಊರು, ಯಾವ ದಾರಿ, ಎಲ್ಲವನ್ನೂ ಸಾರಥಿಯೇ ಹೇಳುತ್ತಿತ್ತು. ಸಾಂಬ್ರಾಣಿಗೆ ಸೋಮವಾರವೇ ಹೋಗಿ, ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ರೈತರು ಮನೆಯಲ್ಲೇ ಸಿಗುತ್ತಾರೆ ಎಂದಿತ್ತು. ಪುಣೆಯ ಯಂತ್ರಕ್ಕೆ ಬಸವಣ್ಣನ ವಾರ ಗೊತ್ತಿದ್ದದ್ದು ಕಂಡು ದ್ರಾಕ್ಷಾಯಣಿ ಬೆರಗಾಗಿದ್ದಳು.

"ಮಷಿನ್ ಎಷ್ಟು ಶಾಣ್ಯಾ ಐತಿ ನೋಡ್ರಿ ಈಶಪ್ಪ!"

"ಕಲಿಸಿದ್ರ ಕಲೀತೈತ್ರಿ ಮೇಡಂ," ಎಂದಿದ್ದ ಈಶಪ್ಪ, ಮೊಬೈಲಿನಿಂದ ತಲೆ ಎತ್ತದೆ.

ಆ ಮೊಬೈಲೇ ಅವಳ ಹೊಟ್ಟೆ ಉರಿಸುತ್ತಿತ್ತು. ಈಶಪ್ಪ ಕಾಗದದ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಅವಳು ಬರುವ ಮೊದಲಿನಿಂದಲೂ ಇಲ್ಲಿದ್ದ. ಹಳಿಯಾಳದ ಬಸ್ಸು ತಂದು ಇಳಿಸಿದಾಗ ಅವನ ಕೆಲಸ ಶುರು. ಕೂತರೆ ಹೆಬ್ಬೆರಳು ಆಡುತ್ತಲೇ ಇರುತ್ತಿತ್ತು. ಅವಳು ಹತ್ತಿರ ಸುಳಿದರೆ ಮೊಬೈಲು ತಟ್ಟನೆ ಜೇಬು ಸೇರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಆಸಾಮಿ. ಇವನ ಸಹವಾಸವೋ ಏನೋ, ಬಸ್ಸು ತಡವಾದ ದಿನ ಸಾರಥಿಯೂ ತಡವಾಗಿಯೇ ಏಳುತ್ತಿತ್ತು. ಅವಳು ನೆಟ್‌ವರ್ಕನ್ನು ಬೈಯುತ್ತ ಕಾಯುತ್ತಿದ್ದಳು.

ಸಾರಥಿಗೆ ಬಗ್ಗದವಳು ಒಬ್ಬಳೇ, ಸೂಪಾದ ಆಚೆ ಜೋಯಿಡಾದ ಕಾಡಿನಲ್ಲಿರುವ ಗೋದುಬಾಯಿ. ದ್ರಾಕ್ಷಾಯಣಿ ಪಕ್ಕದಲ್ಲಿ ಕೂತು ಅರ್ಧ ತಾಸು ಸೊಸೆಯ ಮೇಲಿನ ದೂರು ಕೇಳಿದರೆ ಮಾತ್ರ ಮುದುಕಿ ಸೂಜಿಗೆ ತೋಳು ಚಾಚುತ್ತಿದ್ದಳು. ಅವಳು ಚಾಚಿದರೆ ಊರೇ ಚಾಚುತ್ತಿತ್ತು. ಸಾರಥಿಯ ಲೆಕ್ಕ ಹಿಡಿದು ಪುಣೆಯವರು ಕಳಿಸುವ ತಿಂಗಳ ವರದಿಯಲ್ಲಿ ಆ ಅರ್ಧ ತಾಸು 'ವ್ಯರ್ಥ ಸಮಯ' ಎಂಬ ಕೆಂಪು ಗೆರೆಯಾಗಿ ಕಾಣಿಸುತ್ತಿತ್ತು. ದ್ರಾಕ್ಷಾಯಣಿ ಅದನ್ನು ನೋಡಿ ನಕ್ಕುಬಿಡುತ್ತಿದ್ದಳು.

ಗಂಟೆ ನಾಲ್ಕಾಯಿತು. ಜ್ಯೋತಿ ಒರೆಸಿದ ಪೆಟ್ಟಿಗೆಯನ್ನೇ ಮೂರನೇ ಸಲ ಒರೆಸುತ್ತಿದ್ದಳು. ಈರೇಶ ಜೀಪಿನ ಬಳಿ ಹೋಗುವುದು, ಬರುವುದು.

"ಹೆಸರು ಬಂತೇನ್ರಿ?" ಎಂದ ಈರೇಶ.

"ಇನ್ನೂ ಇಲ್ಲ."

ಮೂಲೆಯಲ್ಲಿದ್ದ ಈಶಪ್ಪ ಮೊದಲ ಸಲ ಮೊಬೈಲು ಬಿಟ್ಟು ಅವಳ ಮುಖ ನೋಡಿದ. "ಪಟ್ಟಿಯೊಳಗ ಎಷ್ಟು ಹೆಸರು ಹಾಕೀರಿ ಮೇಡಂ?"

"ನಾಲ್ಕೂ. ನಂದೂ ಹಾಕೇನಿ. ನ್ಯಾಯ ಅಂದ್ರ ಎಲ್ಲಾರಿಗೂ ಒಂದ."

ಹಾಗೆ ಹಾಕುವುದು ಅವಳಿಗೆ ಸುಲಭವಾಗಿತ್ತು. ಮುಖ್ಯಸ್ಥೆಯಿಲ್ಲದ ಯೋಜನೆ ಎಲ್ಲಾದರೂ ಉಂಟೇ? ಯಂತ್ರದ ಹೆಗಲ ಮೇಲೆ ಬಂದೂಕಿಟ್ಟು ಹೊಡೆಯುವಾಗ ತಾನೂ ಎದುರಿಗೆ ನಿಂತಂತೆ ಕಂಡರೆ ಚೆಂದ.

"ನಿಮ್ಮ ಹೆಸರು ತಗದು ಇನ್ನೊಮ್ಮೆ ಕೇಳ್ರಿ."

"ಯಾಕ? ಹೆದರಿಕಿ ಆಗೇತೇನು?"

"ಹೌದ್ರಿ. ಆಗೇತಿ."

ಅವಳಿಗೆ ಸಿಟ್ಟು ಬಂತು. ಮುದುಕ ಹೊತ್ತು ಕಳೆಯಲು ನೋಡುತ್ತಿದ್ದಾನೆ. "ಕಳಿಸಿದ ಪ್ರಶ್ನಿ ಕಳಿಸಿದ್ದ. ಏನು ಬರ್ತೈತೋ ಬರಲಿ."

ಈಶಪ್ಪ ಕನ್ನಡಕ ಒರೆಸಿ ಹಾಕಿಕೊಂಡ. ಮತ್ತೆ ಮೊಬೈಲಿಗೆ ಬಗ್ಗಿದ. ಇಂಥ ಹೊತ್ತಿನಲ್ಲೂ!

ಪರದೆ ಟಿಣ್ ಎಂದಿತು.

'ಈಶಪ್ಪ.'

ಅವಳ ಎದೆ ಹಗುರಾಯಿತು. ಹಗುರಾದದ್ದಕ್ಕೆ ಮರುಕ್ಷಣವೇ ನಾಚಿಕೆಯೂ ಆಯಿತು. ಜ್ಯೋತಿ ಬಿಕ್ಕಿದಳು. ಈಶಪ್ಪ ಮಾತ್ರ ಈ ಸುದ್ದಿ ನಿನ್ನೆಯೇ ಗೊತ್ತಿದ್ದವನ ಹಾಗೆ ಎದ್ದು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡ.

"ಬರ್ತೇನ್ರಿ. ಮಂಗಳವಾರ ಜೋಯಿಡಾ ಐತಿ. ನೀವ ಹೋಗ್ರಿ, ಯಾರನ್ನೂ ಕಳಸಬ್ಯಾಡ್ರಿ."

ಹೋಗುವಾಗಲೂ ತನಗೇ ಬುದ್ಧಿ ಹೇಳುತ್ತಾನಲ್ಲ ಎಂದುಕೊಂಡು ಅವಳು ಹೆಸರನ್ನು ಪುಣೆಗೆ ಕಳಿಸಿಬಿಟ್ಟಳು.

ಮರುದಿನ ಸಾರಥಿ ಏಳಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಮಳಗಿ ಊರಿಗೆ ಹೊರಡಬೇಕಿದ್ದ ಜೀಪು ಅಂಗಳದಲ್ಲೇ ನಿಂತಿತ್ತು. ಕೊನೆಗೆ ಪರದೆಯ ಮೇಲೆ ಒಂದು ಸಾಲು ಬಂತು. 'ಸ್ಥಳೀಯ ಪರಿಶೀಲಕರಿಲ್ಲ. ಹೊಸಬರ ಹೆಸರು ನಮೂದಿಸಿ.'

ಅವಳು ಪುಣೆಗೆ ಫೋನು ಹಚ್ಚಿದಳು. ಆ ಕಡೆಯವರು ತಣ್ಣಗೆ ವಿವರಿಸಿದರು. ಸಾರಥಿಯ ಪ್ರತಿ ಉತ್ತರವೂ ಮೊದಲು ಊರು ಬಲ್ಲ ಒಬ್ಬರ ಮೊಬೈಲಿಗೆ ಹೋಗುತ್ತದೆ. ಅವರು ಓದಿ, ತಪ್ಪಿದ್ದರೆ ತಿದ್ದಿ, ಕಾರಣ ಬರೆದ ಮೇಲೆಯೇ ಕಚೇರಿಗೆ ಬರುತ್ತದೆ. ತಾವು ಯಾರೆಂದು ಅವರು ಯಾರಿಗೂ ಹೇಳಬಾರದೆಂದು ಕರಾರಿದೆ. ನಿನ್ನೆ ನೀವೇ ಅವರನ್ನು ತೆಗೆದಿರಲ್ಲ, ಬೇಕಾದರೆ ತಿದ್ದುಪಡಿಯ ಕಡತ ಕಳಿಸುತ್ತೇವೆ.

ಕಡತ ತೆರೆಯಿತು. ಮೊದಲ ಸಾಲು ಸಾಂಬ್ರಾಣಿಯದು. 'ಸಾರಥಿ: ಬುಧವಾರ. ತಿದ್ದುಪಡಿ: ಸೋಮವಾರ. ಕಾರಣ: ಎತ್ತಿಗೆ ನೊಗ ಇಲ್ಲ, ಮನ್ಯಾಗ ಸಿಗತಾರ.' ಅದರ ಕೆಳಗೆ ಪುಟಗಟ್ಟಲೆ ಅದೇ ಕೈ, ಅದೇ ಮಾತು. ಅವಳ ಬೆರಳು ಕೊನೆಯ ಸಾಲಿಗೆ ಇಳಿಯಿತು. ನಿನ್ನೆಯ ತಾರೀಖು, ಸಂಜೆ ನಾಲ್ಕು ಗಂಟೆ.

'ಸಾರಥಿ: ದ್ರಾಕ್ಷಾಯಣಿ. ತಿದ್ದುಪಡಿ: ಈಶಪ್ಪ. ಕಾರಣ: ಗೋದುಬಾಯಿ ಮಷಿನ್ನಿಗೆ ತೋಳು ಚಾಚೂದಿಲ್ಲ.'